ಹಳೇ ಫೋಟೋಶಾಪ್ ಸಿಎಸ್6 ಇಟ್ಕೊಂಡು ಹೋಗೋದಾ, ತಿಂಗಳ ಬಾಡಿಗೆ ಕಟ್ಟೋದಾ? ದಾವಣಗೆರೆ ಕಡೆಯ ಡಿಟಿಪಿ, ಫ್ಲೆಕ್ಸ್, ಆಲ್ಬಮ್ ಕೆಲಸದವರು ಹೇಳಿ

ಪೀಜೆ ಡಿಟಿಪಿ (ಸೋಮವಾರ, ಬೆಳಿಗ್ಗೆ 10:15)

ಎಲ್ಲರಿಗೂ ನಮಸ್ಕಾರ. ಪಿ.ಜೆ. ಬಡಾವಣೆಯಲ್ಲಿ ಸಣ್ಣ ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಿಸೋ) ಅಂಗಡಿ ನಂದು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಶ್ರದ್ಧಾಂಜಲಿ ಕಾರ್ಡು, ಅಪರೂಪಕ್ಕೆ ಒಂದು ಸ್ಮರಣ ಸಂಚಿಕೆ. ಇರೋದು ಪುಟ ಜೋಡಿಸೋಕೆ ಪೇಜ್‌ಮೇಕರ್ 7, ಚಿತ್ರ ಬಿಡಿಸೋಕೆ ಕೋರಲ್ ಎಕ್ಸ್3, ಫೋಟೋ ತಿದ್ದೋಕೆ ಅಡೋಬಿಯ ಫೋಟೋಶಾಪ್ ಸಿಎಸ್6. ಮೂರೂ ಡಬ್ಬಿ ಸಮೇತ ಬಿಲ್ ಹಾಕಿಸಿ ತಗೊಂಡಿದ್ದು. ನಗಬೇಡಿ, ನಮ್ಮ ಲೈನಲ್ಲಿ ಈ ಮಾತು ಹೇಳಿದರೆ ಜನ ನನ್ನನ್ನೇ ಅನುಮಾನದಿಂದ ನೋಡ್ತಾರೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದರಲ್ಲ, ನನ್ನ ಯಂತ್ರ 11ಕ್ಕೆ ಏರಲ್ಲ. ಹೊಸದು ತಗೊಳ್ಳಲೇಬೇಕು. ಅಂಗಡಿ ಹುಡುಗ ದೃಶ್ಯಕಲಾ ಕಾಲೇಜಲ್ಲಿ ಓದಿದವನು. "ಅಣ್ಣ, ಹೊಸ ಯಂತ್ರಕ್ಕೆ ಆ ಹಳೇ ಸರಕು ತುಂಬಬೇಡಿ, ಸಬ್‌ಸ್ಕ್ರಿಪ್ಷನ್ ತಗೊಳ್ಳಿ" ಅಂತಾನೆ. ನನಗೆ ಮನಸ್ಸು ಒಪ್ಪಲ್ಲ. ದುಡ್ಡು ಕೊಟ್ಟು ಕೊಂಡಿದ್ದು, ಕೆಲಸ ಮಾಡ್ತಿದೆ, ಅದನ್ನ ಬಿಟ್ಟು ತಿಂಗಳಿಗಿಷ್ಟು ಅಂತ ಯಾಕೆ ಕಟ್ಟಲಿ? ಆಷಾಢದಲ್ಲಿ ಅಂಗಡಿಗೆ ನೊಣ ಕೂಡ ಬರಲ್ಲ. ಆಗಲೂ ಕಟ್ಟಬೇಕಲ್ಲ. ನೀವೆಲ್ಲ ಏನ್ ಮಾಡಿದೀರಿ?

ಫ್ಲೆಕ್ಸ್ ಮಂಜ (ಸೋಮವಾರ, ಬೆಳಿಗ್ಗೆ 10:40)

ಅಣ್ಣಾ, ಮೊದ್ಲು ಆ ಎಕ್ಸ್3 ಬಿಡು. ಗಿರಾಕಿ ವಾಟ್ಸಾಪ್‌ನಾಗೆ ಕಳ್ಸೋ ಸಿಡಿಆರ್ ಫೈಲು ಹೊಸ ಕೋರಲ್‌ನಾಗೆ ಮಾಡಿರ್ತಾರೆ, ಹಳೇದು ಅದನ್ನ ಮುಟ್ಟೋದೂ ಇಲ್ಲ. "ಹಳೇ ವರ್ಷನ್‌ಗೆ ಸೇವ್ ಮಾಡಿ ಕಳ್ಸಪ್ಪ" ಅಂತ ಫೋನ್ ಮಾಡ್ಬೇಕು. ಗಣಪತಿ ಕೂರ್ಸೋ ಹಿಂದಿನ ರಾತ್ರಿ ಯಾವನು ಫೋನ್ ಎತ್ತತಾನೆ ಹೇಳು?

ಹಂಗಂತ ಬಾಡಿಗೆ ಕಟ್ಟು ಅಂತ ನಾನು ಹೇಳಲ್ಲ. ನಂದು ಎಕ್ಸ್7, 2014ರ ಮಾಲು. ಒಂದು ಫೋಟೋ ಕಟಿಂಗು, ಹೆಸರಿಗೆ ದಪ್ಪ ಬಿಳಿ ಅಂಚು, ಕೆಳಗೆ ಗೆಳೆಯರ ಬಳಗದ ಚಿಕ್ಕ ಚಿಕ್ಕ ಮುಖ. ಹುಟ್ಟುಹಬ್ಬದ ಫ್ಲೆಕ್ಸಿಗೆ ಇಷ್ಟಕ್ಕಿಂತ ಏನ್ ಬೇಕು? ದುಗ್ಗಮ್ಮನ ಜಾತ್ರೆ ವರ್ಷ ಇದ್ರಾಗೇ ಇಡೀ ಊರಿಗೆ ಪ್ರಿಂಟ್ ಕೊಟ್ಟೀನಿ.

ಕುಂಚದ ಅಕ್ಕ (ಸೋಮವಾರ, ಮಧ್ಯಾಹ್ನ 12:05)

ಮಂಜಣ್ಣನ ಮಾತು ಫ್ಲೆಕ್ಸಿಗೆ ಸರಿ. ಎಲ್ಲರ ಕೆಲಸವೂ ಹುಟ್ಟುಹಬ್ಬದ ಫ್ಲೆಕ್ಸ್ ಅಲ್ಲ.

ನಾನೂ ಇಲ್ಲೇ ದೃಶ್ಯಕಲಾ ಓದಿ ಈಗ ಮನೆಯಿಂದಲೇ ಬೆಂಗಳೂರಿನ ಪ್ರಕಾಶಕರಿಗೆ ಮುಖಪುಟ, ಒಳಚಿತ್ರ ಮಾಡುತ್ತೇನೆ. ಆ ಕಾಲ ಎಷ್ಟು ಚೆನ್ನಾಗಿತ್ತು ಅನ್ನುವವರು ಆಗಿನ ಬೆಲೆಯನ್ನೂ ಹೇಳಬೇಕು. 2012ರಲ್ಲಿ ಅಮೆರಿಕದಲ್ಲಿ ಫೋಟೋಶಾಪ್ ಸಿಎಸ್6 ಒಂದಕ್ಕೇ 699 ಡಾಲರ್. ಎಲ್ಲವೂ ಇದ್ದ ಮಾಸ್ಟರ್ ಕಲೆಕ್ಷನ್ 2,599 ಡಾಲರ್. ಆಗಷ್ಟೇ ಶುರುವಾದ ಅಡೋಬಿಯ ಬಾಡಿಗೆ ಯೋಜನೆ ಕ್ರಿಯೇಟಿವ್ ಕ್ಲೌಡ್ ತಿಂಗಳಿಗೆ 49.99. ಭಾಗಿಸಿ ನೋಡಿ, ಸುಮಾರು 52 ತಿಂಗಳ ಬಾಡಿಗೆ ಒಂದು ಮಾಸ್ಟರ್ ಕಲೆಕ್ಷನ್ ಡಬ್ಬಿಗೆ ಸಮ. ಆ ಡಬ್ಬಿಯ ದುಡ್ಡು ಒಟ್ಟಿಗೆ ಎಣಿಸುವ ಶಕ್ತಿ ನಮ್ಮ ಬ್ಯಾಚಿನಲ್ಲಿ ಒಬ್ಬರಿಗೂ ಇರಲಿಲ್ಲ. ಎಲ್ಲರ ಯಂತ್ರದಲ್ಲೂ ಏನಿತ್ತು ಅಂತ ನಿಮಗೇ ಗೊತ್ತು. ಸಕ್ರಮವಾಗಿ ಕೆಲಸ ಮಾಡುವ ಮೊದಲ ಅವಕಾಶ ನನಗೆ ಕೊಟ್ಟಿದ್ದು ತಿಂಗಳ ಬಾಡಿಗೆಯೇ.

ಕೆದರಿದ ಕೂದಲಿರುವ ಮದುಮಗಳ ಫೋಟೋ ಕಟಿಂಗಿಗೆ ಸಿಎಸ್6ನಲ್ಲಿ ಕೂತರೆ ಮಧ್ಯಾಹ್ನದ ಊಟ ತಪ್ಪುತ್ತದೆ. ಈಗಿನದರಲ್ಲಿ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಉಳಿದ ಹೊತ್ತಿಗೂ ಬೆಲೆ ಇದೆ ಅಲ್ಲವೇ ಅಣ್ಣ?

ಹೊಸಬ 22 (ಸೋಮವಾರ, ಮಧ್ಯಾಹ್ನ 12:20)

ಕ್ರ್ಯಾಕ್ ಹಾಕ್ಕೊಳ್ಳಿ ಅಂಕಲ್. ಯಾರ್ ಕೇಳ್ತಾರೆ.

ನಿರ್ವಾಹಕ (ಸೋಮವಾರ, ಮಧ್ಯಾಹ್ನ 12:31)

ಕ್ರ್ಯಾಕ್ (ಬೀಗ ಮುರಿದ ಕಳ್ಳ ಪ್ರತಿ), ಕೀಜೆನ್ (ನಕಲಿ ಸೀರಿಯಲ್ ಹುಟ್ಟಿಸುವ ಸಾಧನ) ಕೊಂಡಿ ಹಾಕಿದರೆ ತೆಗೆದುಹಾಕಲಾಗುತ್ತದೆ. ಬೆಂಗಳೂರಿನಿಂದ ಬರುತ್ತಿದ್ದ ಬರಹವಿಲ್ಲದ ಸಿಡಿಗಳ ಕಾಲ ಎಲ್ಲರಿಗೂ ಗೊತ್ತಿದೆ, ಅದರ ನೆನಪುಗಳನ್ನು ಬೇಕಿದ್ದರೆ ಬರೆಯಿರಿ.

ಕೋರ್ಟ್ ರಸ್ತೆ (ಸೋಮವಾರ, ಸಂಜೆ 6:50)

ಹೊಸಬ ತಮ್ಮನಿಗೆ: ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಂ ಇರುವುದೇ ಇದಕ್ಕೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದಿದ್ದವರಿಗೆ ಸೆರೆ ಬಿಟ್ಟು ಬರೀ ದಂಡ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ. ಡಿಟಿಪಿ ಅಂಗಡಿ ವ್ಯಾಪಾರವೇ ಆದ್ದರಿಂದ ಆ ರಿಯಾಯಿತಿ ನಿಮಗಿಲ್ಲ.

ಇನ್ನು "ಕೊಂಡಿದ್ದು ನನ್ನದು" ಎನ್ನುವ ಮಾತು. ಸಿಡಿಯಲ್ಲಿ ಮಾರುವ ಸಾಫ್ಟ್‌ವೇರ್ ಸರಕು, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಪ್ರಕರಣದಲ್ಲಿ ಹೇಳಿತು. 2021ರ ಮಾರ್ಚ್‌ನಲ್ಲಿ ಇಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ, ಹೀಗೆ ಕೊಂಡವನಿಗೆ ಸಿಗುವುದು ಒಂದು ಪ್ರತಿ, ಕೃತಿಸ್ವಾಮ್ಯ ಅಲ್ಲ, ಆದ್ದರಿಂದ ವಿದೇಶಿ ಕಂಪನಿಗೆ ಕೊಟ್ಟ ಬೆಲೆ ರಾಯಧನ (ರಾಯಲ್ಟಿ) ಆಗುವುದಿಲ್ಲ ಎಂದಿತು. ಹೋಲಿಸುವುದಾದರೆ ನಿಮ್ಮ ಡಬ್ಬಿ ಸ್ವಂತ ಮನೆಗಿಂತ ಭೋಗ್ಯದ ಮನೆಗೆ ಹತ್ತಿರ. ಇಡುಗಂಟು ಒಮ್ಮೆ ಕೊಟ್ಟಿದ್ದೀರಿ, ತಿಂಗಳ ಬಾಡಿಗೆ ಇಲ್ಲ, ಗೋಡೆ ಒಡೆಯುವ ಹಕ್ಕೂ ಇಲ್ಲ.

ಉಪಯೋಗಕ್ಕೆ ಬರುವ ಮಾತು ಒಂದಿದೆ. ಅದೇ ಕಾಯ್ದೆಯ 52(1)(ಎಎ) ಪ್ರಕಾರ, ಸಕ್ರಮವಾಗಿ ಪ್ರತಿ ಇಟ್ಟುಕೊಂಡವರು ಹಾಳಾದೀತು ಎಂಬ ಮುನ್ನೆಚ್ಚರಿಕೆಗೆ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು. ನಿಮ್ಮ ಸಿಡಿಗಳನ್ನು ಇಂದೇ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಸಿಡಿಯ ಮೇಲ್ಪದರ ಏಳಲು ಶುರುವಾದರೆ ಯಾವ ಕೋರ್ಟೂ ಉಳಿಸಲಾರದು.

ಫ್ಲೆಕ್ಸ್ ಮಂಜ (ಸೋಮವಾರ, ಸಂಜೆ 7:02)

ವಕೀಲ್ರೇ, ಭೋಗ್ಯ ಅಂದ್ರೆ ಬಿಡುವಾಗ ದುಡ್ಡು ವಾಪಸ್ ಬರ್ಬೇಕಲ್ಲ. ಅಡೋಬಿಯವರು ಯಾವಾಗ ಕೊಡ್ತಾರೆ? 😄

ಲೆಕ್ಕದ ಖಾತೆ (ಸೋಮವಾರ, ರಾತ್ರಿ 9:10)

ಮಂಡಿಪೇಟೆಯ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವನು ನಾನು. "ಸಬ್‌ಸ್ಕ್ರಿಪ್ಷನ್ ಕಟ್ಟಿದರೆ ಟ್ಯಾಕ್ಸ್ ಉಳಿಯುತ್ತೆ" ಎಂದು ಯಾರಾದರೂ ಹೇಳಿದರೆ ಮೊದಲು ನಿಮ್ಮ ತೆರಿಗೆ ಹೇಗೆ ಕಟ್ಟುತ್ತಿದ್ದೀರಿ ನೋಡಿಕೊಳ್ಳಿ. ತಿಂಗಳ ಬಾಡಿಗೆ ಆ ವರ್ಷದ ಖರ್ಚು, ಪೂರ್ತಿ ಕಳೆಯಬಹುದು. ಒಮ್ಮೆಗೇ ಕೊಂಡಿದ್ದು ಆಸ್ತಿ, ಶೇ 40ರ ಸವಕಳಿಯಲ್ಲಿ ವರ್ಷ ವರ್ಷ ಕಳೆಯಬೇಕು. ಕಾಗದದ ಮೇಲೆ ಬಾಡಿಗೆಯೇ ಮೇಲು. ಆದರೆ ಸಣ್ಣ ಅಂಗಡಿಯವರು ಬಹುತೇಕ ಅಂದಾಜು ಲಾಭದ ಯೋಜನೆಯಲ್ಲಿ ರಿಟರ್ನ್ ಹಾಕುತ್ತಾರೆ. ವಹಿವಾಟಿನ ಇಷ್ಟು ಭಾಗ ಲಾಭ ಎಂದು ತೋರಿಸಿದ ಮೇಲೆ ಯಾವ ಖರ್ಚನ್ನೂ ಬೇರೆಯಾಗಿ ಕಳೆಯುವ ಹಾಗಿಲ್ಲ. ಜಿಎಸ್‌ಟಿ ಕೂಡ ಹಾಗೇ. ನೋಂದಣಿ ಇಲ್ಲದವರಿಗೆ, ಕಾಂಪೋಸಿಷನ್‌ನಲ್ಲಿ (ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಯೋಜನೆ) ಇರುವವರಿಗೆ ಆ ಶೇ 18 ವಾಪಸ್ ಬರುವುದಿಲ್ಲ. ಜಾಹೀರಾತಿನ ಬೆಲೆಗೆ ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ನನಗೆ ಸರಿ ಅನ್ನಿಸುವ ಪದ್ಧತಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯದ್ದು. ನಮ್ಮ ಬೆಂಗಳೂರಿನ ಕಂಪನಿ. ಲೈಸೆನ್ಸ್ ಒಮ್ಮೆ ಕೊಳ್ಳಿ, ಹೊಸ ಆವೃತ್ತಿ ಬೇಕಾದರೆ ಟಿಎಸ್‌ಎಸ್ ಎಂಬ ಚಂದಾ ನವೀಕರಿಸಿ, ಬೇಡವಾದರೆ ಇರುವುದರಲ್ಲೇ ಲೆಕ್ಕ ಬರೆಯುತ್ತಾ ಇರಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಹಳೇ ಟ್ಯಾಲಿಯವರೆಲ್ಲ ಮೇಲೇರಲೇಬೇಕಾಯಿತು, ಕಾನೂನೇ ಬದಲಾಗಿತ್ತು. ಲಗ್ನಪತ್ರಿಕೆಗೆ ಅಂಥ ಕಾನೂನು ಯಾವುದು ಬಂದಿದೆ?

ಹರಿಹರ ವೆಡ್ಡಿಂಗ್ಸ್ (ಮಂಗಳವಾರ, ಬೆಳಿಗ್ಗೆ 8:30)

ಲಗ್ನಪತ್ರಿಕೆಗೆ ಬಂದಿಲ್ಲ ಸರ್, ಲಗ್ನದ ಫೋಟೋಕ್ಕೆ ಬಂದಿದೆ. ಕಾನೂನಲ್ಲ, ಕ್ಯಾಮೆರಾ.

ಹೊಸ ಕ್ಯಾಮೆರಾದ ರಾ ಫೈಲು (ಕಚ್ಚಾ ಫೋಟೋ) ಸಿಎಸ್6ಗೆ ಗುರುತೇ ಸಿಗಲ್ಲ. ಆ ಫೈಲು ತೆರೆಯೋಕೆ ಅದಕ್ಕೆ ಸಿಕ್ಕ ಕೊನೇ 'ಕ್ಯಾಮೆರಾ ರಾ' ಜೋಡಣೆ 9.1.1, 2015ರದ್ದು. ಆಮೇಲೆ ಬಂದ ಕ್ಯಾಮೆರಾಗಳದ್ದು ತೆರೀಬೇಕಾದ್ರೆ ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಬೇಕು, ಅದು ಪುಕ್ಕಟೆ, ಅದರಲ್ಲಿ ಬದಲಾಯಿಸಿ ಆಮೇಲೆ ಸಿಎಸ್6ಗೆ ಕೊಡಬೇಕು. ನಾನು ಎಷ್ಟೋ ಸೀಸನ್ ಹಂಗೇ ದೂಡಿದೆ. ಒಂದು ಮದುವೆ ಅಂದ್ರೆ ಸಾವಿರಗಟ್ಟಲೆ ಫೋಟೋ, ರಾತ್ರಿ ಕನ್ವರ್ಟ್‌ಗೆ ಹಾಕಿ ಮಲಗೋದು.

ವಿಡಿಯೋದ ಕತೆಯೇ ಬೇರೆ, ಅದನ್ನೂ ಹೇಳ್ತೀನಿ. ನಮ್ಮ ಕಡೆ ಮದುವೆ ಮಿಕ್ಸಿಂಗ್ ಅಂದ್ರೆ ಎಡಿಯಸ್. ಅದು ಒಮ್ಮೆ ಕೊಂಡರೆ ಮುಗೀತು ಅನ್ನೋ ಪದ್ಧತಿ. ಆದ್ರೆ ಹಳೇ ಎಡಿಯಸ್‌ಗೆ ಹೊಸ ಕ್ಯಾಮೆರಾಗಳ ಎಚ್.265ರ 10-ಬಿಟ್ ವಿಡಿಯೋ ಫೈಲು ಅರಗಲ್ಲ. ನಾನೀಗ ಡಾವಿಂಚಿ ರಿಸಾಲ್ವ್‌ಗೆ ಬಂದಿದೀನಿ. ಪುಕ್ಕಟೆ ಆವೃತ್ತಿಯಲ್ಲೇ ಸಾಕಷ್ಟು ಕೆಲಸ ಆಗುತ್ತೆ, 'ಸ್ಟುಡಿಯೋ' ಅನ್ನೋ ದುಡ್ಡಿನ ಆವೃತ್ತಿ ಬೇಕಾದ್ರೆ 295 ಡಾಲರ್ ಒಂದೇ ಸಲ. ಇಲ್ಲೀವರೆಗೆ ಬಂದ ಹೊಸ ಆವೃತ್ತಿಗಳಿಗೆ ಮತ್ತೆ ದುಡ್ಡು ಕೇಳಿಲ್ಲ. ಆ ಕಂಪನಿ ಕ್ಯಾಮೆರಾ, ಯಂತ್ರ ಮಾರಿ ದುಡೀತದೆ, ಸಾಫ್ಟ್‌ವೇರ್ ಒಂದನ್ನೇ ನಂಬಿಲ್ಲ. ಬಾಡಿಗೆ ಇಲ್ಲದೆ ಕಂಪನಿ ನಡಿಯಲ್ಲ ಅನ್ನೋರು ಇದನ್ನೂ ನೋಡಬೇಕು.

ಕುಂಚದ ಅಕ್ಕ (ಮಂಗಳವಾರ, ಬೆಳಿಗ್ಗೆ 9:15)

ಅಫಿನಿಟಿಯನ್ನೂ ಸೇರಿಸಿ. "ನಮ್ಮಲ್ಲಿ ಬಾಡಿಗೆ ಇಲ್ಲ" ಎಂದೇ ಹೆಸರು ಮಾಡಿದ ಬ್ರಿಟನ್ನಿನ ಸೆರಿಫ್ ಕಂಪನಿಯ ವಿನ್ಯಾಸದ ಸಾಫ್ಟ್‌ವೇರ್ ಅದು. 2024ರ ಮಾರ್ಚ್‌ನಲ್ಲಿ ಕ್ಯಾನ್ವಾ ಕೊಂಡುಕೊಂಡಿತು, 2025ರ ಅಕ್ಟೋಬರ್ ಕೊನೆಗೆ ಕ್ಯಾನ್ವಾ ಖಾತೆ ಇದ್ದವರಿಗೆ ಪುಕ್ಕಟೆ ಮಾಡಿತು. ಎಐ ಸೌಲಭ್ಯ ಬೇಕಿದ್ದರೆ ಮಾತ್ರ ಹಣ. ಚಿತ್ರ ಬಿಡಿಸುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ನಾನು ಬಳಸಿದ 1 ಮತ್ತು 2ನೇ ಆವೃತ್ತಿಗಳಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಪಕ್ಕಕ್ಕೆ ಜಾರಿ ಕೂರುತ್ತಿತ್ತು. "ಅಕ್ಕ" ಎಂದು ಬರೆದರೆ ಕೆಳಗಿನ 'ಕ' ಒತ್ತೇ ನಾಪತ್ತೆ. ಮುಖಪುಟದ ಹೆಸರನ್ನು ಇಂಕ್‌ಸ್ಕೇಪ್ ಎಂಬ ಇನ್ನೊಂದು ಚಿತ್ರದ ಕಾರ್ಯಕ್ರಮದಲ್ಲಿ ಮಾಡಿ ಆಕಾರವಾಗಿ ತಂದು ಅಂಟಿಸಬೇಕು.

ದುರ್ಗದ ಪುಸ್ತಕ (ಮಂಗಳವಾರ, ಮಧ್ಯಾಹ್ನ 2:45)

ಅಕ್ಕ ಕನ್ನಡದ ಮಾತೆತ್ತಿದರು, ಒಳ್ಳೆಯದಾಯಿತು. ಇಷ್ಟು ಹೊತ್ತೂ ನೀವು ಕಾರ್ಯಕ್ರಮದ ಬೆಲೆ ಚರ್ಚೆ ಮಾಡಿದಿರಿ. ನನ್ನ ತಲೆನೋವು ಕಡತದ್ದು.

ಚಿತ್ರದುರ್ಗದಲ್ಲಿ ಪುಸ್ತಕ, ಸ್ಮರಣ ಸಂಚಿಕೆ ಮಾಡಿಕೊಡುವ ಕೆಲಸ ನನ್ನದು. ಮೊನ್ನೆ ಒಂದು ಸಹಕಾರ ಸಂಘದವರು ಹಳೇ ಸುವರ್ಣ ಮಹೋತ್ಸವದ ಸಂಚಿಕೆ ತಂದು, ಇದನ್ನೇ ಸ್ವಲ್ಪ ತಿದ್ದಿ ಮರುಮುದ್ರಣ ಮಾಡಿ ಎಂದರು. ಸಿಡಿಯೂ ಇತ್ತು. ಪೇಜ್‌ಮೇಕರಿನ ಪಿ65 ಕಡತ. ಪೇಜ್‌ಮೇಕರಿನ ಜಾಗಕ್ಕೆ ಬಂದ ಅಡೋಬಿಯ ಇನ್‌ಡಿಸೈನ್ ಇದೆಯಲ್ಲ, ಅದರ ಈಗಿನ ಆವೃತ್ತಿ ಇದನ್ನು ತೆರೆಯುವುದಿಲ್ಲ. ಪೇಜ್‌ಮೇಕರ್ ಕಡತ ತೆರೆಯಬಲ್ಲ ಕೊನೆಯ ಇನ್‌ಡಿಸೈನ್ ಸಿಎಸ್6. 2013ರ ಮೇ ತಿಂಗಳಲ್ಲಿ ಅಡೋಬಿ ಇನ್ನು ಮುಂದೆ ಡಬ್ಬಿ ಇಲ್ಲ, ಬಾಡಿಗೆ ಮಾತ್ರ ಎಂದು ಸಾರಿತು. ಸಿಎಸ್6 ಮಾರಾಟವನ್ನೂ 2017ರ ಜನವರಿಯಲ್ಲಿ ನಿಲ್ಲಿಸಿತು. ಹಳೆಯ ಕಡತಕ್ಕೂ ಹೊಸದಕ್ಕೂ ನಡುವೆ ಅಡೋಬಿ ಕಟ್ಟಿದ್ದ ಸೇತುವೆ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಎಷ್ಟು ಬಾಡಿಗೆ ಕೊಡುತ್ತೇನೆ ಎಂದರೂ ಸಿಗುವುದಿಲ್ಲ.

ಕಡತ ತೆರೆದ ಮೇಲೆ ಶುರುವಾಗುವುದು ಫಾಂಟಿನ ಗೋಳು. ನುಡಿ 01 ಇ, ಶ್ರೀಲಿಪಿ, ಆಕೃತಿ, ಪ್ರಕಾಶಕ ಇವೆಲ್ಲ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ಕಡತದೊಳಗೆ ಕನ್ನಡ ಅನ್ನುವುದೇ ಇಲ್ಲ, ಇರುವುದು ಟೋಪಿ ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಗಿಜಿಬಿಜಿ. ಫಾಂಟ್ ಇದ್ದರೆ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಕಳೆದುಹೋದರೆ ಲೇಖನವೂ ಹೋಯಿತು. ಒಬ್ಬೊಬ್ಬರ ಜೋಡಣೆ ಒಂದೊಂದು ಥರ, ಶ್ರೀಲಿಪಿಯಲ್ಲಿ ಬೆರಳಚ್ಚು ಮಾಡಿದ್ದಕ್ಕೆ ನುಡಿ ಫಾಂಟ್ ಹಾಕಿದರೆ ಏನೂ ಅರ್ಥವಾಗದು. ಶ್ರೀಲಿಪಿಗೆ ಡೋಂಗಲ್ (ಯಂತ್ರಕ್ಕೆ ಸಿಕ್ಕಿಸಿದರೆ ಮಾತ್ರ ಕೆಲಸ ಮಾಡಿಸುವ ಕೀಲಿ) ಬೇರೆ ಇರುತ್ತಿತ್ತು. ಅಂಗಡಿ ಖಾಲಿ ಮಾಡುವಾಗ ಡ್ರಾಯರಿನಲ್ಲಿ ಡೋಂಗಲ್ ಬಿಟ್ಟು ಬಂದವರ ಪಾಡು ನಾನು ಕಂಡಿದ್ದೇನೆ.

ಬೇಸರದ ಸಂಗತಿ ಏನೆಂದರೆ, ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ 1991ರ ಮೊದಲ ಆವೃತ್ತಿಯಿಂದಲೇ ಇದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಇಟ್ಟುಕೊಂಡು ಬಂತು. ಅದೇ 2001ರಲ್ಲಿ ಬಂದ ಪೇಜ್‌ಮೇಕರ್ 7ಕ್ಕೆ ಯೂನಿಕೋಡಿನ ಗಂಧವೂ ಇರಲಿಲ್ಲ, ಅದೇ ಅದರ ಕೊನೆಯ ಆವೃತ್ತಿಯೂ ಆಯಿತು. ನಾವು ಅದರಲ್ಲೇ ಇಪ್ಪತ್ತು ವರ್ಷಕ್ಕೂ ಮೇಲೆ ಉಳಿದೆವು. ದುಡ್ಡು ಉಳಿಯಿತು, ನಿಜ. ಆದರೆ ಆ ಇಪ್ಪತ್ತು ವರ್ಷದ ಲಗ್ನಪತ್ರಿಕೆ ಹೋಗಲಿ ಬಿಡಿ, ಊರಿನ ಇತಿಹಾಸ, ಶರಣರ ಪುಸ್ತಕ, ಸಂಘಗಳ ದಾಖಲೆ, ಇವೆಲ್ಲ ಹುಡುಕಿದರೆ ಸಿಗದ, ನಕಲು ಮಾಡಿ ಬೇರೆಡೆ ಅಂಟಿಸಲಾಗದ ಕಡತಗಳಲ್ಲಿ ಸಿಕ್ಕಿಕೊಂಡಿವೆ.

ಪೀಜೆ ಡಿಟಿಪಿಯವರೇ, ನೀವು ಹಳೇ ಪೇಜ್‌ಮೇಕರ್ ಇಟ್ಟುಕೊಳ್ಳಲೇಬೇಕು, ಬಿಸಾಡಬೇಡಿ. ಹೊಸ ಕೆಲಸ ಮಾತ್ರ ಅದರಲ್ಲಿ ಮಾಡಬೇಡಿ.

ಪೀಜೆ ಡಿಟಿಪಿ (ಮಂಗಳವಾರ, ಮಧ್ಯಾಹ್ನ 3:20)

ಸರ್, ಕನ್ವರ್ಟರ್ ಇದಾವಲ್ಲ, ಆಸ್ಕಿಯಿಂದ (ಅದೇ ಹಳೇ ಫಾಂಟುಗಳ ಪದ್ಧತಿಯಿಂದ) ಯೂನಿಕೋಡಿಗೆ?

ದುರ್ಗದ ಪುಸ್ತಕ (ಮಂಗಳವಾರ, ಮಧ್ಯಾಹ್ನ 3:50)

ಇವೆ, ನುಡಿಯಿಂದ ಯೂನಿಕೋಡಿಗೆ ಬಹುಪಾಲು ಚೆನ್ನಾಗಿಯೇ ಬರುತ್ತದೆ. ಅರ್ಕಾವತ್ತು ಬಂದ ಕಡೆ ಕಣ್ಣಿಟ್ಟು ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಗಿಜಿಬಿಜಿ ಆಗಿ ಕೂರುತ್ತದೆ. ಕರಡು ತಿದ್ದುವವರೊಬ್ಬರು ಬೇಕೇ ಬೇಕು.

ಪೆಂಗ್ವಿನ್ ತಮ್ಮ (ಮಂಗಳವಾರ, ಸಂಜೆ 5:30)

ದುರ್ಗದ ಸರ್, ಲಿಬ್ರೆಆಫೀಸ್ ಡ್ರಾ ತೆರೆದು ನೋಡಿದೀರಾ? 2015ರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಕಡತ ಆಮದು ಮಾಡ್ಕೊಳ್ಳುತ್ತೆ. ಕೋರಲ್‌ನ ಸಿಡಿಆರ್ ಅದಕ್ಕೂ ಮುಂಚಿಂದ ಮಾಡ್ಕೊಳ್ಳುತ್ತೆ. ಪುಟವಿನ್ಯಾಸ ಹಂಗಂಗೇ ಬರುತ್ತೆ ಅಂತ ನಂಬ್ಕೋಬೇಡಿ. ಪಠ್ಯ ಎತ್ತಿ ಕನ್ವರ್ಟರ್‌ಗೆ ಹಾಕೋಕೆ ಒಂದು ದಾರಿ, ಅಷ್ಟೇ.

ಹೊಸ ಪುಸ್ತಕಕ್ಕೆ ಸ್ಕ್ರೈಬಸ್ ನೋಡಿ. 1.6.0 ಸ್ಥಿರ ಆವೃತ್ತಿ 2024ರ ಜನವರಿಯಲ್ಲಿ ಬಂತು. ಹಾರ್ಫ್‌ಬಜ್ ಅಕ್ಷರ ಜೋಡಣೆ ಒಳಗೇ ಇರೋದ್ರಿಂದ ಕನ್ನಡ ಒತ್ತು, ಗುಣಿತ ಸರಿಯಾಗಿ ಬರ್ತವೆ, ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ) ಪಿಡಿಎಫ್ ಕೊಡುತ್ತೆ. ಇಂಕ್‌ಸ್ಕೇಪ್‌ನಲ್ಲೂ ಕನ್ನಡ ಸರಿ, ಆದರೆ ಆಫ್‌ಸೆಟ್‌ಗೆ ಬಣ್ಣ ಬೇರ್ಪಡಿಸೋ ವಿಷಯದಲ್ಲಿ ಅದು ಹಿಂದೆ. ಫೋಟೋ ತಿದ್ದೋ ಗಿಂಪ್ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂತು, ಫಿಲ್ಟರ್ ಹಾಕಿದ ಮೇಲೂ ಬದಲಾಯಿಸಬಹುದು. ಇವಕ್ಕೆಲ್ಲ ಕೊಳ್ಳೋದೂ ಇಲ್ಲ ಬಾಡಿಗೆನೂ ಇಲ್ಲ, ಯಾರೂ ನಿಮ್ಮ ಯಂತ್ರದಿಂದ ಕಿತ್ಕೊಳ್ಳೋಕೂ ಆಗಲ್ಲ.

ಫಾಂಟ್‌ಗೂ ಬರ ಇಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ, ಬಾಲೂ ತಮ್ಮ, ಹುಬ್ಬಳ್ಳಿ ಎಲ್ಲ ಇದಾವೆ. ನಮ್ಮೂರಿನವರಿಗೆ ಅಂತಲೇ ಇದ್ದ ಹಾಗೆ 'ಬೆಣ್ಣೆ' ಕೂಡ ಇದೆ.

ಫ್ಲೆಕ್ಸ್ ಮಂಜ (ಮಂಗಳವಾರ, ಸಂಜೆ 5:44)

ತಮ್ಮಾ, ಎಲ್ಲಾ ಸರಿ. ನನ್ನ ಆಪರೇಟರ್‌ಗೆ ಕೋರಲ್ ಬಿಟ್ಟು ಇನ್ನೊಂದು ಕಲ್ಸೋದ್ರಾಗೆ ಗಣಪತಿ ಬಿಟ್ಟು ದಸರಾ ಬಂದಿರ್ತೈತೆ. ಅವ್ನ ಕೈ ಶಾರ್ಟ್‌ಕಟ್ ಕೀ ಮೇಲೆ ಓಡ್ತದೆ, ಕಣ್ಣು ಟಿವಿ ಮೇಲೆ ಇರ್ತದೆ. ಪುಕ್ಕಟೆ ಅಂತೀಯ, ಆ ಕೈ ಪುಕ್ಕಟೆ ಬರಲ್ಲ.

ಹಳೇ ಸಿಡಿ (ಮಂಗಳವಾರ, ರಾತ್ರಿ 8:55)

ಬೀಗದ ವಿಷಯ ಯಾರೂ ಹೇಳಲಿಲ್ಲ. ಪೇಜ್‌ಮೇಕರ್ 7ಕ್ಕೆ ಸೀರಿಯಲ್ ನಂಬರ್ ಹಾಕಿದರೆ ಸಾಕಿತ್ತು, ಯಾರನ್ನೂ ಕೇಳುತ್ತಿರಲಿಲ್ಲ. ಫೋಟೋಶಾಪ್ ಸಿಎಸ್ ಕಾಲದಿಂದ, ಅಂದರೆ 2003ರಿಂದ, ಆನ್‌ಲೈನ್ ಆಕ್ಟಿವೇಷನ್ ಬಂತು. ಡಬ್ಬಿ ನಿಮ್ಮ ಕಪಾಟಿನಲ್ಲಿ, ಕೀಲಿ ಅವರ ಸರ್ವರಿನಲ್ಲಿ. 2012ರ ಕೊನೆಗೆ ಸಿಎಸ್2ರ ಸರ್ವರ್ ನಿಲ್ಲಿಸಿದಾಗ, ಆಕ್ಟಿವೇಷನ್ ಬೇಡದ ಪ್ರತಿಯನ್ನು ಅಡೋಬಿಯೇ ತನ್ನ ಜಾಲತಾಣದಲ್ಲಿ ಸೀರಿಯಲ್ ಸಮೇತ ಇಟ್ಟಿತು. ಕೊಂಡವರಿಗೆ ಮಾತ್ರ ಎಂದು ಅವರು ಹೇಳುವಷ್ಟರಲ್ಲಿ "ಫೋಟೋಶಾಪ್ ಪುಕ್ಕಟೆ" ಅಂತ ಇಡೀ ಲೋಕ ಇಳಿಸಿಕೊಂಡಾಗಿತ್ತು.

ಬಾಡಿಗೆಯಲ್ಲಿ ಕೀಲಿ ಇನ್ನೂ ಬಿಗಿ. 2019ರ ಮೇ ತಿಂಗಳಲ್ಲಿ ಕ್ರಿಯೇಟಿವ್ ಕ್ಲೌಡಿನ ಹಳೇ ಆವೃತ್ತಿ ಬಳಸುತ್ತಿದ್ದವರಿಗೆ, ಅದನ್ನು ಬಳಸಲು ನಿಮಗೆ ಇನ್ನು ಪರವಾನಗಿ ಇಲ್ಲ ಎಂದು ಪತ್ರ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದ ಆದೇಶದ ಕಾರಣಕ್ಕೆ ವೆನೆಜುವೆಲಾದ ಎಲ್ಲ ಖಾತೆ ನಿಲ್ಲಿಸುತ್ತೇವೆ ಎಂದರು, ಆಮೇಲೆ ಅನುಮತಿ ಸಿಕ್ಕಿ ಹಿಂತೆಗೆದರು. 2022ರ ನವೆಂಬರಿನಲ್ಲಿ ಪ್ಯಾಂಟೋನ್ ಕಂಪನಿಯ ಸಿದ್ಧ ಬಣ್ಣಗಳ ಪಟ್ಟಿಯನ್ನು ಅಡೋಬಿ ತೆಗೆದಾಗ, ಬೇರೆ ಹಣ ಕಟ್ಟದವರ ಹಳೇ ಕಡತಗಳಲ್ಲಿ ಆ ಬಣ್ಣ ಕಪ್ಪಾಗಿ ಕಂಡಿತು. ನೀವೇ ಮಾಡಿದ ವಿನ್ಯಾಸ, ಆದರೆ ಅದರ ಬಣ್ಣ ಇನ್ನೊಬ್ಬರ ಒಪ್ಪಂದದ ಮೇಲೆ.

ಈಗ ಪೀಜೆ ಡಿಟಿಪಿಯವರಿಗೆ ಬೇಕಾದ್ದು: ಹಳೇ ಯಂತ್ರ ಫಾರ್ಮ್ಯಾಟ್ ಮಾಡುವ ಮೊದಲು ಸಿಎಸ್6ನ ಹೆಲ್ಪ್ ಮೆನುವಿನಲ್ಲಿ ಡಿಆಕ್ಟಿವೇಟ್ ಒತ್ತಿ. ಒಂದು ಸೀರಿಯಲ್ ಎರಡು ಯಂತ್ರಕ್ಕೆ ಮಾತ್ರ. ಬಿಡಿಸದೆ ಡಿಸ್ಕ್ ಅಳಿಸಿದರೆ ಒಂದು ಜಾಗ ಅಲ್ಲೇ ಹೂತುಹೋಗುತ್ತದೆ. ನಾನಾಗಿದ್ದರೆ ಫಾರ್ಮ್ಯಾಟ್ ಮಾಡುವುದೇ ಇಲ್ಲ. ನೆಟ್ ತಂತಿ ಕಿತ್ತು ಮೂಲೆಗೆ ಇಡುತ್ತೇನೆ, ಹಳೇ ಕಡತಕ್ಕೆ ಮಾತ್ರ ಹಚ್ಚುತ್ತೇನೆ.

ಸೀಸನ್ ಸ್ಟುಡಿಯೋ (ಮಂಗಳವಾರ, ರಾತ್ರಿ 10:20)

ಆಷಾಢದ ಮಾತು ಕೇಳಿ ನಗು ಬಂತು, ಅಳುವೂ ಬಂತು. ವೈಶಾಖದ ಮದುವೆ ಸೀಸನ್ನಿಗೆ ಅಂತ ಒಂದು ದೊಡ್ಡ ಕಂಪನಿಯ ಯೋಜನೆ ತಗೊಂಡೆ. ಪರದೆ ಮೇಲೆ ತಿಂಗಳಿಗೆ ಇಷ್ಟು ಅಂತಲೇ ಇತ್ತು. ಆಷಾಢ ಬಂತು, ನಿಲ್ಲಿಸೋಣ ಅಂತ ಹೋದರೆ ಅದು ವರ್ಷದ ಕರಾರು, ತಿಂಗಳ ಕಂತು ಮಾತ್ರ. ನಿಲ್ಲಿಸಬೇಕಾದರೆ ಉಳಿದ ಕಂತುಗಳಲ್ಲಿ ಒಂದು ಪಾಲು ಈಗಲೇ ಕೊಡಿ ಅಂದರು. ಇದೇ ಬಗೆಯ ಶುಲ್ಕ ಮುಚ್ಚಿಟ್ಟರು ಅಂತ ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ದಾವೆ ಹೂಡಿತ್ತು. ನಮ್ಮಂಥವರು ಎಲ್ಲಿಗೆ ಹೋಗೋದು? ತಿಂಗಳು ತಿಂಗಳಿಗೇ ಬಿಡಬಹುದಾದ ಯೋಜನೆ ಬೇರೆಯೇ ಇರುತ್ತೆ, ದರ ಜಾಸ್ತಿ. ಆದರೂ ಸೀಸನ್ ಕೆಲಸದವರಿಗೆ ಅದೇ ಅಗ್ಗ.

ಇನ್ನೊಂದು, 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬಂದ ಮೇಲೆ ಕಾರ್ಡಿನಿಂದ ತನ್ನಷ್ಟಕ್ಕೆ ಹಣ ಕಡಿತ ಆಗೋಕೆ ಮೊದಲೇ ಒಪ್ಪಿಗೆ ನೋಂದಾಯಿಸಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರಬೇಕು. ಒಂದು ಕಂತಿಗೆ 15,000 ರೂಪಾಯಿ ದಾಟಿದರೆ ಪ್ರತಿ ಸಲ ಓಟಿಪಿ. ಗಿರಾಕಿಗೆ ಇದು ಒಳ್ಳೇದೇ, ಗೊತ್ತಿಲ್ಲದ ಹಾಗೆ ದುಡ್ಡು ಹೋಗಲ್ಲ. ಆದರೆ ಬ್ಯಾಂಕಿನಲ್ಲಿ ಒಪ್ಪಿಗೆ ಬಿದ್ದುಹೋಗಿ, ಆಲ್ಬಮ್ ಕೊಡೋ ಹಿಂದಿನ ದಿನ ಕಾರ್ಯಕ್ರಮ ಬಾಗಿಲು ಹಾಕ್ಕೊಂಡಿದ್ದೂ ನನಗೆ ಆಗಿದೆ.

ಹೊಸಬ 22 (ಬುಧವಾರ, ಬೆಳಿಗ್ಗೆ 9:05)

ಇಷ್ಟೆಲ್ಲಾ ಯಾಕೆ, ಮೊಬೈಲ್‌ನಲ್ಲೇ ಕ್ಯಾನ್ವಾ ಮಾಡಿ.

ಫ್ಲೆಕ್ಸ್ ಮಂಜ (ಬುಧವಾರ, ಬೆಳಿಗ್ಗೆ 9:08)

ನೀನು ಕಳ್ಸಿದ ಕ್ಯಾನ್ವಾ ಜೆಪೆಗ್ ಇಪ್ಪತ್ತು ಅಡಿಗೆ ಎಳ್ದು ಕೊಟ್ಟೀನಿ, ಹೋಗಿ ನೋಡ್ಕೋ. ಎಂಎಲ್ಎ ಮುಖದಾಗೆ ಚೌಕ ಚೌಕ ಕಾಣ್ತಾವೆ.

ಕುಂಚದ ಅಕ್ಕ (ಬುಧವಾರ, ಬೆಳಿಗ್ಗೆ 10:30)

ದುರ್ಗದ ಸರ್ ಹೇಳಿದ್ದು ಓದಿ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳಬೇಕು ಅನ್ನಿಸಿತು. ಬಾಡಿಗೆ ಕಟ್ಟುವುದನ್ನು ನಾನು ಬಿಡುವುದಿಲ್ಲ. ಆದರೆ ಕೆಲಸ ಮುಗಿದ ಮೇಲೆ ಇನ್‌ಡಿಸೈನ್ ಕಡತದ ಜೊತೆ ಐಡಿಎಂಎಲ್ ಒಂದು ತೆಗೆದಿಡಬೇಕು, ಅದು ಸಿಎಸ್4ವರೆಗೂ ಹಿಂದಕ್ಕೆ ತೆರೆಯುತ್ತದೆ. ಫಾಂಟ್ ಒಳಗೇ ಸೇರಿದ ಪಿಡಿಎಫ್ ಒಂದು, ಪಠ್ಯ ಮಾತ್ರ ಇರುವ ಯೂನಿಕೋಡ್ ಕಡತ ಒಂದು. ಬಾಡಿಗೆ ನಿಂತ ದಿನವೂ ಇವು ನನ್ನ ಕೈಲಿರುತ್ತವೆ.

ಹೊಸ ಇನ್‌ಡಿಸೈನ್‌ನಲ್ಲಿ ಕನ್ನಡ ಒಡೆದು ಬರುತ್ತದೆ ಎಂದು ದೂರುವವರಿಗೆ: ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಫೋಟೋಶಾಪಿನಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್‌ಗೆ ಹೋಗಿ ವರ್ಲ್ಡ್-ರೆಡಿ ಲೇಔಟ್. ಇದು ಗೊತ್ತಿಲ್ಲದೇ ಎಷ್ಟೋ ಜನ ಮತ್ತೆ ನುಡಿ 01 ಇ ಹಾಕಿಕೊಂಡು ಕೂತಿದ್ದಾರೆ.

ಪೀಜೆ ಡಿಟಿಪಿ (ಬುಧವಾರ, ಮಧ್ಯಾಹ್ನ 1:15)

ಎಲ್ಲರಿಗೂ ಧನ್ಯವಾದ. ಹುಡುಗನೂ ನಾನೂ ಕೂತು ಓದಿದೆವು. ಹಳೇ ಯಂತ್ರದ ನೆಟ್ ಇವತ್ತೇ ಕಿತ್ತೆ, ಮೂರೂ ಡಬ್ಬಿಯ ಸಿಡಿ ಡಿಸ್ಕಿಗೆ ಇಳೀತಾ ಇವೆ. ಹೊಸ ಯಂತ್ರದಲ್ಲಿ ಫೋಟೋಶಾಪ್ ಸೀಸನ್ನಿಗೆ ಮಾತ್ರ, ತಿಂಗಳು ತಿಂಗಳಿಗೆ ಬಿಡೋ ಯೋಜನೆ. ಲಗ್ನಪತ್ರಿಕೆ ಇನ್ಮೇಲೆ ಯೂನಿಕೋಡ್. ಸ್ಕ್ರೈಬಸ್ ಕಲಿಯೋ ಜವಾಬ್ದಾರಿ ಹುಡುಗಂಗೆ ಬಿಟ್ಟೆ, ಅವನ ಮುಖ ನೋಡಬೇಕಿತ್ತು. ಎಕ್ಸ್3 ಮಾತ್ರ ಬಿಡಲ್ಲ ಮಂಜ, ನೀನು ಹಳೇ ವರ್ಷನ್‌ಗೆ ಸೇವ್ ಮಾಡೇ ಕಳ್ಸು.

ದುರ್ಗದ ಸರ್, ನನ್ನ ಹತ್ರಾನೂ ಪಿ65 ಕಡತದ ಸಿಡಿ ಒಂದು ರಾಶಿ ಇದೆ. ನಿಮ್ಮ ಹತ್ರ ಇನ್‌ಡಿಸೈನ್ ಸಿಎಸ್6 ಉಂಟಾ?

ದುರ್ಗದ ಪುಸ್ತಕ (ಬುಧವಾರ, ಮಧ್ಯಾಹ್ನ 2:00)

ಇದೆ, ಡಬ್ಬಿ ಸಮೇತ. ಭಾನುವಾರ ಬನ್ನಿ. ಕಡತದ ಜೊತೆ ಆ ಯಂತ್ರದ ಫಾಂಟ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಂಡು ಬನ್ನಿ. ಅದಿಲ್ಲದೆ ಬಂದರೆ ಟೀ ಕುಡಿದು ವಾಪಸ್ ಹೋಗಬೇಕಾಗುತ್ತದೆ.

ಫ್ಲೆಕ್ಸ್ ಮಂಜ (ಬುಧವಾರ, ಮಧ್ಯಾಹ್ನ 2:12)

ಸರ್, ನಮ್ಮಪ್ಪ ಪ್ರೆಸ್ ನಡೆಸೋ ಕಾಲದ್ದು ಪೇಜ್‌ಮೇಕರ್ 5ರ ಫೈಲು ಒಂದಿಷ್ಟು ಇದಾವೆ. ಅವೂ ತೆರೀತಾವಾ?

ದುರ್ಗದ ಪುಸ್ತಕ (ಬುಧವಾರ, ಮಧ್ಯಾಹ್ನ 2:25)

5ರದ್ದು ಇನ್‌ಡಿಸೈನ್‌ಗೆ ನೇರವಾಗಿ ಬರುವುದಿಲ್ಲ, 6ರಿಂದ ಈಚಿನದು ಮಾತ್ರ. ಮೊದಲು ಪೇಜ್‌ಮೇಕರ್ 6.5ರಲ್ಲಿ ತೆರೆದು ಸೇವ್ ಮಾಡಿ ತನ್ನಿ.

ಫ್ಲೆಕ್ಸ್ ಮಂಜ (ಬುಧವಾರ, ಮಧ್ಯಾಹ್ನ 2:27)

ಅವು ಫ್ಲಾಪಿನಾಗೆ ಅದಾವೆ ಸರ್.

ಪೀಜೆ ಡಿಟಿಪಿ (ಬುಧವಾರ, ಮಧ್ಯಾಹ್ನ 2:40)

ಅಟ್ಟದ ಮೇಲೆ ಫ್ಲಾಪಿ ಡ್ರೈವ್ ಇರೋ ಯಂತ್ರ ಒಂದಿದೆ, 6.5 ಅದರಲ್ಲೇ ಇತ್ತು. ಶನಿವಾರ ಸಂಜೆ ತಗೊಂಡು ಬಾ, ಹಚ್ಚಿ ನೋಡೋಣ.